ಕುಸುಬಿ ಹೂವಿನ ಕಲ್ಲು

"ಅವ್ವಾ, ಅಮಾಸಿ ದಿನ ಯಾರೂ ಸುತ್ತಿಗಿ ಮುಟ್ಟಬಾರದು ಅಂತಿ. ಮತ್ತ ಓಬಳೆಪ್ಪಜ್ಜ ಒಬ್ಬನ ಯಾಕ ಕಲ್ಲು ಕುಟ್ತಾನ?"

ಅಮೃತಾ ಹೀಗೆ ಕೇಳಿದಾಗ ದೀಪಿಕಾ ಅಂಗಳದಲ್ಲಿ ಕೂತು ಮಾವನ ಕಾಲದ ಚಾಣಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಮಾವ ತೀರಿಕೊಂಡು ಐದು ವರ್ಷ. ಗಂಡ ದುರಗೇಶ ಕಾರಟಗಿಯ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ. ಮನೆಯಲ್ಲಿ ಕಲ್ಲು ಕೆತ್ತುವವರು ಯಾರೂ ಉಳಿದಿಲ್ಲ. ಆದರೂ ಅಮಾವಾಸ್ಯೆಗೊಮ್ಮೆ ಆ ಚಾಣ, ಸುತ್ತಿಗೆ, ಗುಂಡಿನ ದಾರ ಎಲ್ಲವನ್ನೂ ಪೆಟ್ಟಿಗೆಯಿಂದ ತೆಗೆದು ತೊಳೆದು, ಗೋಣಿತಟ್ಟಿನ ಮೇಲೆ ಸಾಲಾಗಿಟ್ಟು ಅರಿಶಿಣ ಹಚ್ಚುವುದು ತಪ್ಪಿಲ್ಲ. ಓಣಿಯ ಎಲ್ಲ ಮನೆಗಳಲ್ಲೂ ಅಷ್ಟೇ. ಸಾಮಾನಿಗೆ ಅರಿಶಿಣ ಹಚ್ಚುವ ಕೆಲಸ ಹೆಂಗಸರದು. ಒಮ್ಮೆ ಹಚ್ಚಿದರೆ ಮರುದಿನ ಹೊತ್ತು ಮೂಡುವ ತನಕ ಗಂಡಸರು ಅವನ್ನು ಮುಟ್ಟುವಂತಿಲ್ಲ. ಮುಂಜಾನೆಯಿಂದ ಸಂಜೆಯವರೆಗೆ ಟಣ್ ಟಣ್ ಎನ್ನುತ್ತಲೇ ಇರುವ ಆ ಓಣಿ ತಿಂಗಳಿಗೆ ಆ ಒಂದು ದಿನ ಸುಮ್ಮನಾಗುತ್ತದೆ.

ಸುಮ್ಮನಾಗದೆ ಉಳಿಯುವುದು ಒಂದೇ ಸುತ್ತಿಗೆ. ಓಣಿಯ ಕೊನೆಯ ಬೇವಿನ ಗಿಡದ ಕೆಳಗೆ ಓಬಳೆಪ್ಪ ಕೂತಿರುತ್ತಾನೆ. ಮುಂದೆ ಯಾವುದಕ್ಕೂ ಬಾರದ ಒಂದು ಚಪ್ಪಡಿ. ಅದರಿಂದ ಏನನ್ನೂ ಮಾಡುವುದಿಲ್ಲ, ಬರೀ ಕುಟ್ಟುತ್ತಾನೆ. ನಾಲ್ಕು ಏಟು, ಆಮೇಲೆ ಕೆಮ್ಮು, ಮತ್ತೆ ನಾಲ್ಕು ಏಟು. ಬಿಸಿಲು ನೆತ್ತಿಗೆ ಬರುವತನಕ ಇದು ನಡೆಯುತ್ತದೆ.

ಅವನು ಉಣ್ಣುವುದು ತಮ್ಮನ ಮನೆಯಲ್ಲಿ. ತಮ್ಮನ ಹೆಂಡತಿ ಪಾರ್ವತೆಮ್ಮ ರೊಟ್ಟಿಯ ತಾಟು ತಂದಿಡುತ್ತ ಓಣಿಗೆಲ್ಲ ಕೇಳುವಂತೆ ಅನ್ನುತ್ತಾಳೆ, "ಒಂದ್ ದಿನ ಕೈ ಸುಮ್ನಿಟ್ರ ಕೈ ಉದುರಿ ಬೀಳ್ತಾವನ್ರಿ ನಿಮ್ಮವು? ನಮ್ಮ ಗಂಡಮಕ್ಕಳು ಕ್ವಾರಿಗಿ ಹೋಗಿ ಬರೋರು. ಅವ್ರ ಸಾಮಾನಿಗಿ ನೀವು ಕೇಡು ಮಾಡಬ್ಯಾಡ್ರಿ." ಅವನು ತಾಟು ಎಳೆದುಕೊಳ್ಳುತ್ತಾನೆ, ರೊಟ್ಟಿಯ ಮೇಲೆ ಬಿದ್ದ ಕಲ್ಲುಪುಡಿಯನ್ನು ಊದಿ ಉಣ್ಣುತ್ತಾನೆ.

"ದೊಡ್ಡಾರ ಸುದ್ದಿ ನಿನಗ್ಯಾಕ," ಎಂದು ದೀಪಿಕಾ ಮಗಳ ಬಾಯಿ ಮುಚ್ಚಿಸಿದಳು. ಮುಚ್ಚಿಸಿದ ಮೇಲೆ ತನಗೂ ಉತ್ತರ ಗೊತ್ತಿಲ್ಲವೆಂಬುದು ಹೊಳೆಯಿತು. ಅಳವಂಡಿಯಿಂದ ಈ ಓಣಿಗೆ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಓಬಳೆಪ್ಪನ ಹೆಂಡತಿ ಗಾಳೆಮ್ಮ ಎಲ್ಲೋ ದೂರದ ಊರಲ್ಲಿ ಕೆಲಸ ಮಾಡುವಾಗ ಸತ್ತಳು, ಅಂದಿನಿಂದ ಅವನ ತಲೆ ಸರಿಯಿಲ್ಲ ಎಂಬಷ್ಟು ಮಾತ್ರ ಅವಳು ಕೇಳಿದ್ದಳು. ತಲೆ ಸರಿಯಿಲ್ಲದವನು ಉಳಿದ ಇಪ್ಪತ್ತೊಂಬತ್ತು ದಿನ ಅಷ್ಟು ಸರಿಯಾಗಿ ಹೇಗಿರುತ್ತಾನೆ ಎಂದು ಯಾರೂ ಕೇಳಿಕೊಂಡಂತಿರಲಿಲ್ಲ.

ದೀಪಿಕಾ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಎರಡು ಕೋಣೆ, ನಾಲ್ಕು ಬೀರು, ಒಂದು ಕಂಪ್ಯೂಟರು, ಒಂದು ಫ್ಯಾನು. ಓಬಳೆಪ್ಪ ದಿನಾ ಹನ್ನೊಂದರ ಸುಮಾರಿಗೆ ಅಲ್ಲಿಗೆ ಬರುತ್ತಿದ್ದ. ಅವನಿಗೆ ಓದು ಬಾರದು. ಫ್ಯಾನಿನ ಗಾಳಿಗೆ ಉಸಿರು ಸ್ವಲ್ಪ ಹಗುರಾಗುತ್ತದೆ ಎಂದು ಕೂಡುತ್ತಿದ್ದ. ಹನ್ನೆರಡನೆಯ ವಯಸ್ಸಿಗೆ ಅಪ್ಪನ ಜೊತೆ ಕ್ವಾರಿಗೆ ಇಳಿದವನು. ರುಬ್ಬುಗುಂಡು, ಬೀಸುಕಲ್ಲು, ಬಾಗಿಲ ಹೊಸ್ತಿಲು, ಹೊಲದ ಗಡಿಗಲ್ಲು ಎಂದು ಐವತ್ತು ವರ್ಷ ಕೆತ್ತಿದ ಕಲ್ಲಿನ ಧೂಳೆಲ್ಲ ಎದೆಯಲ್ಲಿ ಕೂತಿದೆ ಎಂದು ಕೊಪ್ಪಳದ ಡಾಕ್ಟರು ಫೋಟೋ ತೆಗೆದು ತೋರಿಸಿದ್ದರು. ವಾಸಿಯಾಗುವ ಕಾಯಿಲೆ ಅಲ್ಲ ಎಂದೂ ಹೇಳಿದ್ದರು. ಅವನ ಮಾತ್ರೆಯ ಚೀಟಿ ಓದಿ, ಯಾವುದು ಮುಂಜಾನೆ ಯಾವುದು ಸಂಜೆ ಎಂದು ಡಬ್ಬಿಯ ಮೇಲೆ ಸೂರ್ಯ, ಚಂದ್ರ ಬರೆದುಕೊಟ್ಟವಳು ದೀಪಿಕಾಳೇ.

ಆ ಅಮಾವಾಸ್ಯೆ ಕಳೆದ ವಾರ ಗ್ರಂಥಾಲಯಕ್ಕೆ ದಾನಿಗಳಿಂದ ಒಂದು ಪೆಟ್ಟಿಗೆ ಪುಸ್ತಕ ಬಂದಿತ್ತು. ಅದರಲ್ಲಿ ಲೋಕದ ದೊಡ್ಡ ಕಟ್ಟಡಗಳ ಚಿತ್ರಗಳಿದ್ದ ದಪ್ಪ ಪುಸ್ತಕ ಅಮೃತಾಳ ಕೈಗೆ ಸಿಕ್ಕಿತು. ಸಾಲೆ ಬಿಟ್ಟು ಬಂದವಳು ನೆಲದ ಮೇಲೆ ಬೋರಲು ಮಲಗಿ ಹಾಳೆ ತಿರುವುತ್ತಿದ್ದಳು. ಒಂದು ಹಾಳೆಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. "ಗೋ-ಥಿಕ್ ಶೈ-ಲಿಯ ಕೆಥೆ-ಡ್ರಲ್."

ಓಬಳೆಪ್ಪ ಕುರ್ಚಿಯಿಂದ ಇಳಿದು ಆ ಹುಡುಗಿಯ ಪಕ್ಕ ನೆಲಕ್ಕೆ ಕೂತ. ಚಿತ್ರದಲ್ಲಿ ಆಕಾಶಕ್ಕೆ ಹೋಗುವ ಕಂಬಗಳು. ಆ ಕಂಬಗಳ ತುದಿಯಿಂದ ತಾಳೆಗರಿಯ ನರದ ಹಾಗೆ ಕಲ್ಲಿನ ಪಟ್ಟಿಗಳು ಹೊರಟು, ಚಾವಣಿಯ ನಡುವೆ ಒಂದಕ್ಕೊಂದು ಕೂಡಿದ್ದವು. ಅವು ಕೂಡುವ ಜಾಗದ ಮೇಲೆ ಅವನು ತೋರುಬೆರಳಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಅಜ್ಜಾ, ಇದು ಏನಂತ ಗೊತ್ತೇನ?" ಎಂದಳು ಅಮೃತಾ.

"ಗೊತ್ತೈತವ್ವ. ಬಿಷಪ್ಪರ ಕುರ್ಚಿ ಇಡೋ ಚರ್ಚಿಗಿ ಹಂಗಂತಾರ. ಇದರಂಥಾದ್ದೊಂದರಾಗ ನಾ ಏಳು ತಿಂಗಳು ಕೆಲಸ ಮಾಡೀನಿ."

ದೀಪಿಕಾ ರಿಜಿಸ್ಟರ್ ಮುಚ್ಚಿಟ್ಟು ಬಂದು ಕೂತಳು. ಅಂದು ಓಬಳೆಪ್ಪ ಮಾತಾಡಿದಷ್ಟು ಅವಳು ಎಂಟು ವರ್ಷದಲ್ಲಿ ಕೇಳಿರಲಿಲ್ಲ.

ಹೈದರಾಬಾದಿನ ದಾರಿಯಲ್ಲಿರುವ ಒಂದು ಊರು. ಅಲ್ಲಿ ನಿಜಾಮನ ಕಾಲದಲ್ಲಿ ಬಿಳಿಯ ಪಾದ್ರಿಗಳು ಕಟ್ಟಿಸಿದ ದೊಡ್ಡ ಚರ್ಚು. ನಕ್ಷೆ ಹಡಗಿನಲ್ಲಿ ಬಂದಿತ್ತಂತೆ. ಕಟ್ಟಿದವರು ಮಾತ್ರ ಅಂಥ ಕಟ್ಟಡವನ್ನು ಕನಸಿನಲ್ಲೂ ಕಾಣದ ಸುತ್ತಲಿನ ಹಳ್ಳಿಯ ಕಲ್ಲುಕೆಲಸದವರು. ಕಟ್ಟಲು ಹದಿನೇಳು ವರ್ಷ ಹಿಡಿಯಿತು. ಅದೂ ಬೇಗ ಆದದ್ದೇ ಎಂದು ಅಲ್ಲಿಯ ಫಾದರ್ ಓಬಳೆಪ್ಪನಿಗೆ ಹೇಳಿದ್ದರು. ಈ ಬಗೆಯ ಕಟ್ಟಡ ಹುಟ್ಟಿದ ದೇಶದಲ್ಲಿ, ಎಂಟುನೂರು ವರ್ಷದ ಹಿಂದೆ, ಬುನಾದಿ ತೋಡಿದವನು ಚಾವಣಿ ನೋಡುತ್ತಿರಲಿಲ್ಲವಂತೆ. ಮಗ ಕಂಬ ಏರಿಸಿ ಸಾಯುತ್ತಿದ್ದ, ಮೊಮ್ಮಗ ಕಮಾನು ಕೂಡಿಸುತ್ತಿದ್ದ, ಗಂಟೆ ಕೇಳುವ ಪುಣ್ಯ ಅವನ ಮಗನದು.

"ಇಟಗಿ ಗುಡಿ ನೋಡೀರಲ್ಲ?" ಎಂದ ಓಬಳೆಪ್ಪ. "ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಹಾಸಗಲ್ಲು. ಭಾರ ಸೀದಾ ನೆಲಕ್ಕ ಇಳೀತೈತಿ. ಕಲ್ಲು ಒಮ್ಮಿ ಕೂತ್ರ ಕೂತಂಗ. ಇದು ಹಂಗಲ್ಲ. ಇಲ್ಲಿ ಕಲ್ಲು ಕಲ್ಲಿಗಿ ದಬ್ಬತಾವ. ಯಾವತ್ತೂ ದಬ್ಬತನ ಇರ್ತಾವ."

ಅದಕ್ಕೇ ಗೋಡೆಯ ಹೊರಗೆ ಮತ್ತೆ ಕಲ್ಲಿನ ಕೈಗಳು. ಒಳಗಿನ ಕಮಾನು ಗೋಡೆಯನ್ನು ಹೊರಗೆ ನೂಕಿದರೆ, ಆ ಕೈಗಳು ಹೊರಗಿನಿಂದ ಆತು ಹಿಡಿಯುತ್ತವೆ. ಭಾರವೆಲ್ಲ ಪಟ್ಟಿ, ಕಂಬ, ಹೊರಗಿನ ಕೈಗಳ ಮೇಲೆಯೇ ಹೋಗುವುದರಿಂದ ಗೋಡೆಗೆ ಕೆಲಸವಿಲ್ಲ. ಕೆಲಸವಿಲ್ಲದ ಗೋಡೆ ತೆಗೆದು ಅಲ್ಲೆಲ್ಲ ಬಣ್ಣದ ಗಾಜಿನ ಕಿಟಕಿ ಇಟ್ಟಿದ್ದಾರೆ. ನಮ್ಮ ಗುಡಿಯಲ್ಲಿ ದೇವರು ಕತ್ತಲಲ್ಲಿರುತ್ತಾನೆ, ಅವರಿಗೆ ಬೆಳಕು ಬೇಕಿತ್ತು ಎಂದ. ಅಮೃತಾಳಿಗೆ ತಿಳಿಯಲಿಲ್ಲ. ಕೊನೆಗೆ ತಾಯಿ ಮಗಳಿಬ್ಬರನ್ನೂ ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಹಚ್ಚಿ ಕಾಲು ಹಿಂದೆ ಸರಿಸಲು ಹೇಳಿದ. ಎತ್ತರ ಸಮವಿಲ್ಲದೆ ಅದು ನಿಲ್ಲಲಿಲ್ಲ. ದೀಪಿಕಾ ಸೆರಗು ಸಿಕ್ಕಿಸಿ ಮಂಡಿಯೂರಿದ ಮೇಲೆ ಸರಿಯಾಯಿತು. ಮಗಳ ಭಾರ ತಾಯಿಯ ಅಂಗೈಗೆ, ತಾಯಿಯದು ಮಗಳಿಗೆ.

"ಈಗ ನೀವಿಬ್ರೂ ಕಮಾನು. ಇಬ್ರೂ ಸಮ, ಮೆಲ್ಲಕ ಹಿಂದಕ್ಕ ಬರ್ರಿ," ಎಂದ ಓಬಳೆಪ್ಪ.

ಅಮೃತಾ ಮೆಲ್ಲಗೆ ಬರುವ ಹುಡುಗಿಯಲ್ಲ. ಫಕ್ಕನೆ ಕೈ ತೆಗೆದಳು. ದೀಪಿಕಾ ಮುಂದಕ್ಕೆ ಮುಗ್ಗರಿಸಿ ಎರಡೂ ಕೈ ನೆಲಕ್ಕೆ ಊರಿದಳು. ಹುಡುಗಿ ಬಿದ್ದು ಬಿದ್ದು ನಕ್ಕಳು, ದೀಪಿಕಾಳೂ ನಕ್ಕಳು. ಓಬಳೆಪ್ಪ ಮಾತ್ರ ನಗಲಿಲ್ಲ. ಅವನ ಮುಖ ನೋಡಿ ದೀಪಿಕಾ ಮಗಳ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದಳು.

ಆಮೇಲೆ ಅವನು ಹೇಳಿದ್ದಿದು.

ಆ ಚರ್ಚಿನ ಚಾವಣಿಯಲ್ಲಿ ಅರಳಿ ಗಿಡದ ಬೇರು ಇಳಿದು ಒಂದು ಅಂಕಣದ ಕಮಾನು ಬಿರುಕು ಬಿಟ್ಟಿತ್ತು. ಹದಿನಾಲ್ಕು ವರ್ಷದ ಹಿಂದಿನ ಮಾತು. ಕೈಯಿಂದ ಕಲ್ಲು ಕೆತ್ತುವವರನ್ನು ಹುಡುಕಿಕೊಂಡು ಗುತ್ತಿಗೆದಾರ ಕುಷ್ಟಗಿಯ ಕಡೆಗೆ, ಇವರ ಊರಿಗೂ ಬಂದ. ಓಬಳೆಪ್ಪ ಸುತ್ತಲಿನ ಊರುಗಳಿಂದ ಆಯ್ದು, ತಾನೂ ಸೇರಿ ಒಂಬತ್ತು ಜನರ ತಂಡ ಕಟ್ಟಿಕೊಂಡು ಹೋದ. ಸುಣ್ಣದ ಗಚ್ಚು ಅರೆಯಲು ಹೆಂಡತಿ ಗಾಳೆಮ್ಮ. ಕಮಾನಿಗೆ ಕೆಳಗಿನಿಂದ ಆಸರೆ ಕೊಡುವ ಮರದ ಚೌಕಟ್ಟು, ಅಂದರೆ ಸೆಂಟ್ರಿಂಗ್ ಮಾಡಲು ಗಂಗಾವತಿಯ ಬಡಿಗ ಹಾಜಿಸಾಬ. ಹಳೆಯ ಕಲ್ಲುಗಳಿಗೆ ಒಂದೊಂದಕ್ಕೂ ಬಣ್ಣದಲ್ಲಿ ಅಂಕಿ ಬರೆದು ಇಳಿಸಿದರು. ಒಡೆದವುಗಳ ಬದಲು ಹೊಸವು ಕೆತ್ತಿದರು.

ನಾಲ್ಕು ಪಟ್ಟಿಗಳು ಬಂದು ಕೂಡುವ ನಡುಗಲ್ಲು ಸವೆದು ಹೋಗಿತ್ತು. ಅದರ ಮೇಲೆ ಒಂದು ಕಾಲಕ್ಕೆ ಗುಲಾಬಿ ಇತ್ತಂತೆ. ಎಂಜಿನಿಯರು ಗುಲಾಬಿಯ ನಕ್ಷೆ ಕೊಟ್ಟರು. ಈ ಹೂವು ನಮ್ಮ ಹೊಲದಲ್ಲಿ ಇಲ್ಲ, ಕೈಗೆ ಬರುವುದಿಲ್ಲ ಎಂದ ಓಬಳೆಪ್ಪ. ಫಾದರ್ ನಕ್ಕರು. ಹಳೆಯ ದೇಶದ ಕಲ್ಲುಕುಟಿಗರೂ ತಮ್ಮ ಬೇಲಿಯ ಎಲೆ, ತಮ್ಮ ಹೊಲದ ಕಾಯಿಗಳನ್ನೇ ದೇವರ ನೆತ್ತಿಗೆ ಕೆತ್ತಿದ್ದಾರೆ, ನಿನ್ನ ಹೊಲದ್ದನ್ನೇ ಕೆತ್ತು ಎಂದರು. ಅವನು ಕುಸುಬಿ ಹೂವು ಕೆತ್ತಿದ. ಕೆಳಗೆ ಮುಳ್ಳಿನ ಎಲೆ, ಮೇಲೆ ಕೂದಲೆಳೆಯಂಥ ಎಸಳು. ಕೆತ್ತಲು ಇಪ್ಪತ್ತು ದಿನ. ಮರಳು, ನೀರು ಹಾಕಿ ಅದನ್ನು ನುಣುಪು ಮಾಡಲು ಗಾಳೆಮ್ಮನಿಗೆ ಹನ್ನೆರಡು ದಿನ. ಉಜ್ಜಿ ಉಜ್ಜಿ ಅವಳ ಹೆಬ್ಬೆರಳಿನ ಗೆರೆ ಮಾಸಿಹೋಗಿತ್ತು.

"ಆಕಿ ಬಾಯಿ ಭಾಳ ಜೋರು," ಎಂದ ಓಬಳೆಪ್ಪ. "ಲಗ್ನಾಗಿ ಮೂವತ್ತು ವರ್ಷಕ್ಕ ಒಂದು ಹೂವು ತಂದು ಕೊಡಲಿಲ್ಲ ಈ ಮನಶ್ಯಾ, ಈಗ ಕೊಟ್ಟಾನ, ಮುಡ್ಕೋಬೇಕಂದ್ರ ನಾಕ್ ಮಂದಿ ಎತ್ತಬೇಕು ಅಂತಿದ್ಲು. ತಂಡದಾಗ ಎಲ್ಲಾರೂ ನಗೋರು."

ಹತ್ತು ಗಂಟೆಯ ಹೊತ್ತಿಗೆ ಬಣ್ಣದ ಕಿಟಕಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಗಾಳೆಮ್ಮ ಸುಣ್ಣದ ಕೈಗಳನ್ನು ಆ ಬೆಳಕಿನಲ್ಲಿ ಹಿಡಿದು, ಹಸಿರು ಬಳೆ ಹಾಕಿಕೊಂಡಿದ್ದೇನೆ ನೋಡ್ರಿ ಎನ್ನುತ್ತಿದ್ದಳಂತೆ. ಕಲ್ಲನ್ನು ಮೇಲೆತ್ತುವ ದಿನ ಅದಕ್ಕೆ ಅರಿಶಿಣ ಹಚ್ಚಿ ಕಾಯಿ ಒಡೆದವಳೂ ಅವಳೇ.

ನಾಲ್ಕು ಪಟ್ಟಿ ಏರಿತು, ನಡುಗಲ್ಲು ಕೂತಿತು. ಗಚ್ಚು ಒಣಗಲು ತಿಂಗಳು ಬಿಟ್ಟರು. ಆಮೇಲೆ ಸೆಂಟ್ರಿಂಗ್ ಇಳಿಸಬೇಕು. ಚೌಕಟ್ಟಿಗೆ ನಾಲ್ಕು ಕಾಲು, ಒಂದೊಂದು ಕಾಲಿನ ಕೆಳಗೂ ಮರದ ಬೆಣೆ. ಬೆಣೆಗೆ ಸುತ್ತಿಗೆಯಲ್ಲಿ ಬಡಿದರೆ ಚೌಕಟ್ಟು ಕೂದಲೆಳೆಯಷ್ಟು ಇಳಿಯುತ್ತದೆ. ನಾಲ್ಕನ್ನೂ ಒಂದೇ ದಿನ, ಸಮನಾಗಿ ಸಡಿಲಿಸಬೇಕು ಎಂದು ಎಂಜಿನಿಯರು ಹೇಳಿಹೋಗಿದ್ದರು. ಓಬಳೆಪ್ಪ ಶುರು ಮಾಡುವ ಹೊತ್ತಿಗೆ ಸಂಜೆಯಾಗಿತ್ತು. ಎರಡು ಬೆಣೆ ಸಡಿಲಾಗುವಷ್ಟರಲ್ಲಿ ಹೊತ್ತು ಮುಳುಗಿತು. ಮರುದಿನ ಅಮಾವಾಸ್ಯೆ.

ಮುಂಜಾನೆ ಹಾಜಿಸಾಬ ಬಂದು ಕೇಳಿದ. ಇನ್ನೆರಡು ಬೆಣೆ, ಇಪ್ಪತ್ತು ಏಟಿನ ಕೆಲಸ, ಮುಗಿಸಿಬಿಡೋಣ ಎಂದ. ಓಬಳೆಪ್ಪ ಒಪ್ಪಲಿಲ್ಲ. ಅಪ್ಪನ ಕಾಲದಿಂದ ಅಮಾವಾಸ್ಯೆಯ ದಿನ ಸುತ್ತಿಗೆ ಎತ್ತಿದವನಲ್ಲ. ಅವನ ಕೈ ಬಲ್ಲದ್ದು ಕಂಬ, ತೊಲೆ, ಹಾಸುಗಲ್ಲು. ಕೂತ ಕಲ್ಲು ಒಂದು ದಿನಕ್ಕೆ ಎಲ್ಲಿಗೆ ಹೋದೀತು ಎಂದುಕೊಂಡ.

ಪೂಜೆಯನ್ನು ಕೆಲಸ ನಿಂತ ಜಾಗದಲ್ಲೇ ಮಾಡುವುದು ಇವರ ಪದ್ಧತಿ. ಗಾಳೆಮ್ಮ ಕಮಾನಿನ ಕೆಳಗೆ ಗೋಣಿತಟ್ಟು ಹಾಸಿ ಒಂಬತ್ತು ಜನರ ಸಾಮಾನು ಸಾಲಾಗಿ ಇಟ್ಟಳು. ಒಂದೊಂದಕ್ಕೇ ಅರಿಶಿಣ ಹಚ್ಚುತ್ತ ಬಂದಳು. ಗಂಡಸರು ಹೊರಗೆ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಓಬಳೆಪ್ಪ ಬಾಗಿಲಿಗೆ ಬಂದು ನಿಂತಾಗ ಮೇಲಿನಿಂದ ಮರಳು ಉದುರಿದ ಸಪ್ಪಳ ಕೇಳಿತು. ಅವಳೂ ತಲೆಯೆತ್ತಿ ನೋಡಿದಳು.

ಇಷ್ಟು ಹೇಳಿ ಅವನು ಕೆಮ್ಮಲು ಹತ್ತಿದ. ದೀಪಿಕಾ ನೀರು ಕೊಟ್ಟಳು, ಬೆನ್ನು ಸವರಿದಳು. ಅವನ ಬೆನ್ನೆಲುಬು ಒಂದೊಂದಾಗಿ ಅಂಗೈಗೆ ಸಿಗುತ್ತಿತ್ತು.

"ಆ ಧೂಳಿನಾಗ ನಾ ಮ್ಯಾಲ ನೋಡ್ಲಿಲ್ಲ," ಎಂದ ಕೊನೆಗೆ. "ಆಕೀನ್ನ ಎತ್ಕೊಂಡು ಟೆಂಪೋದಾಗ ಊರಿಗಿ ಬಂದೆ. ಮತ್ತ ಆ ಕಡಿಗಿ ಮುಖ ಹಾಕಿಲ್ಲ. ಕುಸುಬಿ ಕಲ್ಲು ಬಿತ್ತೋ, ಉಳೀತೋ ಗೊತ್ತಿಲ್ಲ. ಆಕೀದು ಒಂದು ಫೋಟೋ ಸುದ್ದಾ ಇಲ್ಲ ನನ್ನಂತ್ಯಾಕ. ಆಕಿ ಕೈ ಆಡಿದ್ದು ಅದೊಂದ ಐತಿ."

"ಯಾರಿಗರ ಕೇಳಬಹುದಿತ್ತಲ್ರೀ ಮಾವಾರ."

"ಒಡದೈತಿ ಅಂದ್ರ?"

ಅಮಾವಾಸ್ಯೆಯ ದಿನ ಬೇವಿನ ಗಿಡದ ಕೆಳಗೆ ಅವನು ಬಡಿಯುತ್ತಿದ್ದ ಏಟುಗಳು ಯಾವುವು ಎಂದು ದೀಪಿಕಾಳಿಗೆ ತಿಳಿದುಹೋಗಿತ್ತು. ಅಂದು ಬಡಿಯದೆ ಬಿಟ್ಟ ಇಪ್ಪತ್ತನ್ನು ಅವನು ಹದಿನಾಲ್ಕು ವರ್ಷದಿಂದ ಬಡಿಯುತ್ತಿದ್ದ.

ಕೇಳಬೇಡ, ಯಾರನ್ನೂ ಕೇಳಬೇಡ ಎಂದು ಅವನು ಹೋಗುವಾಗ ಎರಡು ಸಲ ಹೇಳಿದ. ದೀಪಿಕಾ ಹೂಂ ಎಂದಳು. ಆದರೆ ಮುಂದಿನ ಹದಿನೈದು ದಿನದಲ್ಲಿ ಅವನು ಗ್ರಂಥಾಲಯದ ನಾಲ್ಕು ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲಬೇಕಾಯಿತು. ಮತ್ತೊಂದು ವಾರಕ್ಕೆ ಬರುವುದನ್ನೇ ಬಿಟ್ಟ. ಪಾರ್ವತೆಮ್ಮನ ಪಡಸಾಲೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟು, ಮೂಗಿಗೆ ನಳಿಗೆ ಹಾಕಿ ಮಲಗಿಸಿದರು. ಕರೆಂಟು ಹೋದರೆ ಗತಿಯೇನು ಎಂದು ದೀಪಿಕಾ ಲೈನ್‌ಮನ್‌ನ ನಂಬರು ಗೋಡೆಗೆ ಬರೆದಿಟ್ಟಳು. ಅಂದು ಅವನ ಪಕ್ಕ ಕೂತವಳಿಗೆ ಅವನು ಅಟ್ಟದ ತೊಲೆಯನ್ನೇ ನೋಡುತ್ತಿರುವುದು ಕಂಡಿತು. ಗೊತ್ತಿಲ್ಲದೆ ಹೋಗುವುದಕ್ಕಿಂತ ಗೊತ್ತಾಗಿ ಹೋಗುವುದು ವಾಸಿ ಎಂದು ಅವಳಿಗೆ ಅನ್ನಿಸಿತು. ಕಲ್ಲು ಒಡೆದಿದ್ದರೆ ಹೇಳಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ಆಮೇಲೆ ನೋಡಿಕೊಳ್ಳೋಣ ಎಂದು ಬದಿಗಿಟ್ಟಳು.

ಗಂಗಾವತಿಯಲ್ಲಿ ಅವಳ ತಂಗಿ ಇದ್ದಳು. ರವಿವಾರ ಅಮೃತಾಳನ್ನು ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ತಾವರಗೇರಿ ಮೇಲಿಂದ ಹೋಗುವ ಬಸ್ಸು ಹತ್ತಿದಳು. ಹುಡುಗಿಯನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಡಿಗರ ಅಂಗಡಿ ಸಾಲು ಹಿಡಿದು ಕೇಳುತ್ತ ಹೋದಳು. ಮೂರನೆಯ ಅಂಗಡಿಯವನು, ಚರ್ಚಿನ ಕೆಲಸಕ್ಕೆ ಹೋಗಿದ್ದ ಹಾಜಿಸಾಬ ಅಂದರೆ ಒಬ್ಬನೇ ಎಂದು ಒಳಗಿನ ಸಂದಿ ತೋರಿಸಿದ.

ಹಾಜಿಸಾಬನಿಗೆ ಎಪ್ಪತ್ತು ದಾಟಿತ್ತು. ತೊಟ್ಟಿಲಿನ ಕಾಲಿಗೆ ಉಜ್ಜುಕಾಗದ ಹಾಕುತ್ತ ಕೂತಿದ್ದ. ಕುಷ್ಟಗಿಯ ಕಡೆಯಿಂದ, ಓಬಳೆಪ್ಪನ ಓಣಿಯಿಂದ ಬಂದಿದ್ದೇನೆ ಎಂದು ದೀಪಿಕಾ ಹೇಳಿದ ಕೂಡಲೇ ಅವನ ಕೈ ನಿಂತಿತು.

"ಮಿಸ್ತ್ರಿ ಅದಾನೇನ ಬೇಟಾ?"

"ಅದಾರ ಕಾಕಾ. ಭಾಳ ದಿನ ಇರೂದಿಲ್ಲ."

ಅವನು ಎದ್ದು ಒಳಗೆ ಹೋಗಿ ಚಹಾಕ್ಕೆ ಹೇಳಿ ಬಂದ. ತಾನು ಬಂದ ಕಾರಣವನ್ನು ದೀಪಿಕಾ ನೇರವಾಗಿ ಕೇಳಿದಳು. ಆ ನಡುಗಲ್ಲು ಏನಾಯಿತು?

ಬೀಳಲಿಲ್ಲ, ಎಂದ ಹಾಜಿಸಾಬ. ಸಡಿಲಿಸಿದ್ದ ಕಡೆಯ ಎರಡು ಪಟ್ಟಿ ಮಾತ್ರ ಜಾರಿ ಬಿದ್ದವು. ನಡುಗಲ್ಲು ಒಂದು ಮಗ್ಗುಲಿಗೆ ವಾಲಿ, ಚೌಕಟ್ಟಿನ ಉಳಿದೆರಡು ಕಾಲಿನ ಮೇಲೆ ಹಾಗೇ ನಿಂತಿತು. ಮಿಸ್ತ್ರಿ ಬಡಿಯದೆ ಬಿಟ್ಟ ಬೆಣೆಗಳ ಮೇಲೆಯೇ. ಹಾಜಿಸಾಬ ಆ ಊರಲ್ಲೇ ಉಳಿದು ಹೊಸ ಸೆಂಟ್ರಿಂಗ್ ಮಾಡಿದ. ಮರುವರ್ಷ ಬೇರೆ ತಂಡ ಬಂದು ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂಡಿಸಿತು. ಮೂರು ವರ್ಷದ ಹಿಂದೆ ಚರ್ಚಿನ ಬಾಗಿಲು ರಿಪೇರಿಗೆ ಹೋದಾಗ ಫೋಟೋ ತೆಗೆದದ್ದಿದೆ ಎಂದು ಮೊಮ್ಮಗಳನ್ನು ಕರೆದು ಮೊಬೈಲಿನಲ್ಲಿ ಹುಡುಕಿಸಿದ. ಫೋಟೋ ದೀಪಿಕಾಳ ಮೊಬೈಲಿಗೆ ಬಂತು. ಕೆಳಗೆ ನಿಂತು ಮೇಲಕ್ಕೆ ತೆಗೆದದ್ದು. ಬೆರಳಿನಿಂದ ಹಿಗ್ಗಿಸಿದರೆ ಕುಸುಬಿ ಹೂವು ಮುಳ್ಳುಸಹಿತ ಕಾಣುತ್ತಿತ್ತು. ಎಸಳುಗಳ ಸಂದಿಯಲ್ಲಿ ಕಂದುಗೆಂಪಿನ ಕಲೆ.

"ಅದು ಗಾಳೆಮ್ಮಕ್ಕ ಹಚ್ಚಿದ ಅರಿಶಿಣ. ಸುಣ್ಣ ತಾಗಿ ಕೆಂಪಾಗೈತಿ. ಹೊಸಾ ತಂಡದವ್ರು ತಿಕ್ಕಾಕ ಹೊಂಟಿದ್ರು, ನಾ ಬ್ಯಾಡ ಅಂದೆ," ಎಂದ ಹಾಜಿಸಾಬ.

ಅರಿಶಿಣದ ಬಣ್ಣ ಹದಿನಾಲ್ಕು ವರ್ಷ ನಿಲ್ಲುತ್ತದೆಯೇ ಎಂಬ ಅನುಮಾನ ದೀಪಿಕಾಳಿಗೆ ಬಾರದೆ ಇರಲಿಲ್ಲ. ಮಳೆನೀರು ಸೋರಿದ ಕಲೆಯೂ ಇರಬಹುದು. ಅವಳು ಅದನ್ನು ಬಾಯಿಗೆ ತರಲಿಲ್ಲ. ಓಬಳೆಪ್ಪ ಅಮಾವಾಸ್ಯೆಯ ದಿನ ಏನು ಮಾಡುತ್ತಾನೆ ಎಂಬುದನ್ನು ಮಾತ್ರ ಹೇಳಿದಳು.

ಹಾಜಿಸಾಬ ಚಹಾದ ಕಪ್ಪು ಕೆಳಗಿಟ್ಟ. ತೊಟ್ಟಿಲಿನ ಕಾಲನ್ನು ಸವರಿದ.

"ಮಿಸ್ತ್ರಿಗಿ ಅಮಾಸಿ ಇತ್ತು. ನನಗೇನ ಅಮಾಸಿ ಇತ್ತು ಬೇಟಾ? ಸುತ್ತಿಗಿ ನನ್ನ ಕೈಯಾಗ ಇತ್ತು. ನಾ ಬಡೀಬಹುದಿತ್ತು. ಅವ್ರ ದ್ಯಾವರ ದಿನ, ಅವ್ರ ಮಾತು ಮೀರಬಾರದು ಅಂತ ಸುಮ್ನ ನಿಂತೆ." ಅವನು ತಲೆ ಎತ್ತಲಿಲ್ಲ. "ಅವಂಗ ಇದನ್ನ ಹೇಳು. ನಾನ ಬಂದು ಹೇಳಬೇಕಿತ್ತು. ಧೈರ್ಯ ಆಗ್ಲಿಲ್ಲ."

ಸಂಜೆಯ ಬಸ್ಸಿನಲ್ಲಿ ಅಮೃತಾ ತೊಡೆಯ ಮೇಲೆ ನಿದ್ದೆ ಹೋದಳು. ಕಾಲುವೆಯ ಹಸಿರು ಗದ್ದೆ ಮುಗಿದು ಕನಕಗಿರಿಯ ಆಚೆ ಕಲ್ಲುಗುಡ್ಡಗಳು ಶುರುವಾದವು. ಇಬ್ಬರು ಮುದುಕರು ಎಪ್ಪತ್ತು ಎಂಬತ್ತು ಕಿಲೋಮೀಟರು ದೂರದಲ್ಲಿ ಕೂತು ಒಂದೇ ಬೆಳಗನ್ನು ಹದಿನಾಲ್ಕು ವರ್ಷ ಹೊತ್ತಿದ್ದಾರೆ, ಒಬ್ಬನದು ಒಬ್ಬನಿಗೆ ಗೊತ್ತಿಲ್ಲ. ದೀಪಿಕಾಳಿಗೆ ಅಳು ಬಂತು. ಕಂಡಕ್ಟರು ಟಿಕೆಟ್ ಕೇಳಲು ಬಂದದ್ದರಿಂದ ಕಣ್ಣೊರೆಸಿಕೊಂಡಳು.

ಮರುದಿನ ಮುಂಜಾನೆ ಗ್ರಂಥಾಲಯದ ಬೀಗ ತೆಗೆಯುವ ಮೊದಲು ಪಾರ್ವತೆಮ್ಮನ ಮನೆಗೆ ಹೋದಳು. ಅಮೃತಾಳೂ ಹಿಂದೆ ಬಂದಳು. ಓಬಳೆಪ್ಪ ದಿಂಬಿಗೆ ಒರಗಿ ಕೂತಿದ್ದ. ದೀಪಿಕಾ ಪಕ್ಕದಲ್ಲಿ ಕೂತು ಮೊಬೈಲು ಅವನ ಮುಂದೆ ಹಿಡಿದು, ಹೂವನ್ನು ಹಿಗ್ಗಿಸಿದಳು.

ಅವನು ನೋಡಿದ. ಯಂತ್ರ ಗುರ್ ಎನ್ನುತ್ತಿತ್ತು. ತೋರುಬೆರಳನ್ನು ತಂದು ಪರದೆಯ ಮೇಲೆ, ಎಸಳಿನ ಸಂದಿಯ ಕಲೆಯ ಮೇಲೆ ಇಟ್ಟ. ಪರದೆ ಸರಿದು ಹೂವು ಮಾಯವಾಯಿತು. ದೀಪಿಕಾ ಮತ್ತೆ ತಂದುಕೊಟ್ಟಳು. ಅವನು ಎರಡನೆಯ ಸಲ ಮುಟ್ಟಲಿಲ್ಲ, ಬೆರಳನ್ನು ಸ್ವಲ್ಪ ಮೇಲೆಯೇ ಹಿಡಿದ.

"ಆಕಿ ಅರಿಶಿಣ," ಎಂದ.

"ಹೂನ್ರಿ," ಎಂದಳು ದೀಪಿಕಾ.

ಹಾಜಿಸಾಬ ಹೇಳಿದ್ದನ್ನು ಅವನು ಹೇಳಿದ ಹಾಗೆಯೇ, ಒಂದು ಮಾತೂ ಕೂಡಿಸದೆ ಕಳೆಯದೆ ಹೇಳಿದಳು. ಬಡಿಯದೆ ಬಿಟ್ಟ ಬೆಣೆಯ ಮೇಲೆ ಕಲ್ಲು ನಿಂತದ್ದನ್ನೂ ಹೇಳಿದಳು. ಓಬಳೆಪ್ಪನ ಕಣ್ಣಿಂದ ನೀರು ಇಳಿದು ನಳಿಗೆಯ ಪಟ್ಟಿಯೊಳಗೆ ಇಂಗಿತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಪಾರ್ವತೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಹಾಜಿ ಹಂಗ ಅಂದನ?" ಎಂದ ಓಬಳೆಪ್ಪ. "ಪಾಪ. ಅವಂದೇನ ತಪ್ಪೈತಿ ಅದರಾಗ." ಅಂದವನು, ಆ ಮಾತನ್ನು ತನ್ನ ಬಾಯಿಯಿಂದ ತಾನೇ ಕೇಳಿದವನಂತೆ ತನ್ನ ಕೈಗಳನ್ನು ನೋಡಿಕೊಂಡ.

ಆಮೇಲೆ ಅಮೃತಾಳನ್ನು ಕರೆದು ಮಂಚದ ಕೆಳಗೆ ಕೈ ತೋರಿಸಿದ. ಹುಡುಗಿ ಎರಡೂ ಕೈಯಲ್ಲಿ ಎಳೆದರೂ ಸುತ್ತಿಗೆ ಹೊರಗೆ ಬರಲಿಲ್ಲ. ದೀಪಿಕಾ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹಿಡಿ ಸವೆದು ಸವೆದು ನಡುವೆ ಸಣ್ಣಗಾಗಿತ್ತು. ಅವಳ ಬೆರಳುಗಳು ಅವನ ಬೆರಳ ಜಾಗದಲ್ಲಿ ಹೋಗಿ ಕೂತವು.

"ದೀಪವ್ವಾ, ಗುರುವಾರ ಅಮಾಸಿ ಐತಿ," ಎಂದ ಓಬಳೆಪ್ಪ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಆವತ್ತ ಆಕಿ ಎಂಟು ಮಂದಿ ಸಾಮಾನಿಗಿ ಹಚ್ಚಿ ಮುಗಿಸಿದ್ಲು. ನಂದು ಕಡೀಕ ಇತ್ತು. ಬೊಟ್ಟಿನಾಗ ಅರಿಶಿಣ ಇತ್ತು, ಸುತ್ತಿಗಿಗಿ ಹತ್ತಿರಲಿಲ್ಲ. ಈ ಸಲ ಇದನ್ನ ತೊಳದು, ನಿಮ್ಮ ಸಾಮಾನಿನ ಜೋಡಿ ಗೋಣಿತಟ್ಟಿನ ಮ್ಯಾಲ ಇಡು. ಎಲ್ಲಾ ಆದಮ್ಯಾಲ ಇದಕ್ಕ ಹಚ್ಚು. ಮರದಿನ ಹೊತ್ತು ಮೂಡೂತನಕ ಯಾರಿಗೂ ಮುಟ್ಟಾಕ ಬಿಡಬ್ಯಾಡವ್ವ. ನಾ ಕೇಳಿದ್ರೂ ಕೊಡಬ್ಯಾಡ."